ಚರ್ಮ ಪ್ರಸಾಧನದಲ್ಲಿ ಕಿವಿಯ ಕೆಲಸ

ಸತ್ತ ಪ್ರಾಣಿಯ ತೊಗಲನ್ನು ಹದ ಮಾಡಿ, ಕೃತಕ ಮೈಕಟ್ಟಿನ ಮೇಲೆ ಹೊದಿಸಿ, ಬದುಕಿದ್ದಾಗಿನ ರೂಪಕ್ಕೆ ತರುವ ಕಲೆಯೇ ಚರ್ಮ ಪ್ರಸಾಧನ ಅಥವಾ ಟ್ಯಾಕ್ಸಿಡರ್ಮಿ. ಇದರಲ್ಲಿ ಕಣ್ಣಿಗೆ ಗಾಜಿನ ಗುಡ್ಡೆ ಸಿಗುತ್ತದೆ, ಮೈಗೆ ಅಚ್ಚು ಸಿಗುತ್ತದೆ. ಕಿವಿಯ ತೊಗಲನ್ನು ಮಾತ್ರ ಪ್ರತಿ ಸಲವೂ ಕೈಯಿಂದಲೇ ಬಿಡಿಸಬೇಕು. ಕೆಲಸಗಾರನ ಶ್ರದ್ಧೆ ಇಲ್ಲಿ ಗೊತ್ತಾಗುತ್ತದೆ.

ಮೃದ್ವಸ್ಥಿ ಏಕೆ ತೆಗೆಯಬೇಕು?

ಕಿವಿಯ ಹಾಳೆಯಲ್ಲಿ ಎರಡು ಪದರ ಚರ್ಮ, ನಡುವೆ ಮೃದ್ವಸ್ಥಿ. ಮೃದ್ವಸ್ಥಿಯಲ್ಲಿ ನೀರಿನಂಶ ಹೆಚ್ಚು. ಅದನ್ನು ಹಾಗೆಯೇ ಬಿಟ್ಟರೆ ಒಣಗುತ್ತ ಕುಗ್ಗಿ, ಚರ್ಮವನ್ನೂ ಎಳೆದುಕೊಂಡು ಸುರುಟುತ್ತದೆ. ತೊಗಲು ಕೆಡದಂತೆ ಹಚ್ಚುವ ಉಪ್ಪೂ ಬಿಡಿಸದ ಕಿವಿಯೊಳಕ್ಕೆ ಇಳಿಯುವುದಿಲ್ಲ. ಬ್ಯಾಕ್ಟೀರಿಯಾ ಬೆಳೆದು ಕೂದಲು ಉದುರುತ್ತದೆ.

ಬಿಡಿಸುವುದು, ತುಂಬುವುದು

ಜಿಂಕೆಯ ಕಿವಿಯನ್ನೇ ನೋಡೋಣ. ಬುಡದಲ್ಲಿ, ಹಿಂಬದಿಯಿಂದ ಕೆಲಸ ಶುರು. ಅಲ್ಲಿನ ಚರ್ಮ ಸಡಿಲ. ಹಿಡಿ ಒತ್ತಿದರೆ ಬಾಯಿ ತೆರೆಯುವ ಮೊಂಡು ತುದಿಯ ಇಕ್ಕಳವನ್ನು ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ತೂರಿಸಿ, ಸ್ವಲ್ಪಸ್ವಲ್ಪವೇ ಅಗಲಿಸುತ್ತ ಅಂಚಿನವರೆಗೆ ಹೋಗಬೇಕು. ಅಂಚಿಗೆ ಅರ್ಧ ಬೆರಳಿನಷ್ಟು ಮುಂಚೆ ನಿಲ್ಲಿಸಿದರೂ ಆ ಭಾಗವೇ ಮುಂದೆ ಮುದುಡುತ್ತದೆ. ಆಮೇಲೆ ಕಿವಿಯನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ ಪುಡಿ ಉಪ್ಪು ತಿಕ್ಕಬೇಕು. ಇನ್ನು ಮೃದ್ವಸ್ಥಿಯನ್ನು ತೆಗೆಯುವುದು: ಕಿವಿಯ ಒಳಬದಿಯ ಚರ್ಮ ತೆಳುವಾಗಿದ್ದು ಅದಕ್ಕೆ ಬಿಗಿಯಾಗಿ ಅಂಟಿರುತ್ತದೆ. ಅವಸರ ಮಾಡಿದರೆ ಹರಿಯುತ್ತದೆ.

ತೆಗೆದ ಮೃದ್ವಸ್ಥಿಯ ಜಾಗಕ್ಕೆ ಹಿಂದೆ ಸೀಸದ ತಗಡು, ರಟ್ಟು, ಕಾಗದದ ಮುದ್ದೆ ಬಳಸುತ್ತಿದ್ದರು. ಈಗ ಕಿವಿಯಾಕಾರದ ಪ್ಲಾಸ್ಟಿಕ್ ಹಾಳೆ, ಇಲ್ಲವೇ ಕಾರಿನ ತಗ್ಗು ಮುಚ್ಚುವ ಪುಟ್ಟಿ ಬಂದಿದೆ. ಪುಟ್ಟಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಬಾಗು, ಅಂಚು ಎಲ್ಲವನ್ನೂ ಅಷ್ಟರೊಳಗೆ ತಿದ್ದಬೇಕು. ಹಾಳೆ ಬಳಸಿದರೆ ಅಂಟು ಎಲ್ಲೆಡೆ ಸಮನಾಗಿ ಹತ್ತಬೇಕು. ಇಲ್ಲದಿದ್ದರೆ ಒಣಗುವಾಗ ಒಳಗುಳಿಯ ಚರ್ಮ ಮೇಲೆದ್ದು ಬಿಗಿಯುತ್ತದೆ. ಕಸುಬಿನವರು ಇದನ್ನು ಡ್ರಮ್ಮಿಂಗ್ ಎನ್ನುತ್ತಾರೆ. ಕಿವಿಬುಡದ ಸ್ನಾಯುಗಳ ಉಬ್ಬನ್ನು ಜೇಡಿಮಣ್ಣಿನಿಂದ ಕಟ್ಟಿಕೊಡುತ್ತಾರೆ. ಪೂರ್ತಿ ಒಣಗುವವರೆಗೂ ನಿತ್ಯ ನೋಡಿ ಸರಿಪಡಿಸುತ್ತಿರಬೇಕು.

ಕಿವಿಯೂ ಮುಖಭಾವವೂ

1900ರ ಸುಮಾರಿಗೆ ಮೈಸೂರಿನಲ್ಲಿ ಆರಂಭವಾಗಿ 1999ರವರೆಗೆ ನಡೆದ ವಾನ್ ಇಂಗೆನ್ ಅಂಡ್ ವಾನ್ ಇಂಗೆನ್ ಸಂಸ್ಥೆ ಈ ಕಲೆಗೆ ಜಗತ್ತಿನಲ್ಲೇ ಹೆಸರಾಗಿತ್ತು. ಹುಲಿ, ಚಿರತೆಗಳೇ ಸಾವಿರಾರು ಅಲ್ಲಿ ಸಿದ್ಧವಾದವು. ಬಾಯ್ದೆರೆದು ಗುರುಗುಟ್ಟುವ ಹುಲಿ ಬೇಟೆಗಾರರಿಗೆ ಅಚ್ಚುಮೆಚ್ಚಾಗಿತ್ತು. ಆದರೆ ಸಿಟ್ಟಾದ ಹುಲಿ ಕಿವಿ ನಿಮಿರಿಸುವುದಿಲ್ಲ. ತಿರುಗಿಸಿ ಹಿಂದಕ್ಕೆ ಒತ್ತುತ್ತದೆ. ಆಗ ಕಿವಿಯ ಹಿಂಬದಿಯ ಬಿಳಿ ಮಚ್ಚೆ ಎದುರಿನವರಿಗೆ ಕಾಣುತ್ತದೆ. ಕೋರೆಹಲ್ಲು ತೋರಿಸುತ್ತ ಕಿವಿಯನ್ನು ನೆಟ್ಟಗೆ ಮುಂದಕ್ಕೆ ಚಾಚಿದ ಹುಲಿ ಯಾವ ಕಾಡಿನಲ್ಲೂ ಇಲ್ಲ. ಹಾಗಾಗಿ ಚರ್ಮ ಪ್ರಸಾಧಕ ಕತ್ತರಿ ಹಿಡಿಯುವ ಮೊದಲು ಬದುಕಿರುವ ಪ್ರಾಣಿಯನ್ನು ಗಮನಿಸಿ ಕಲಿಯಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಮೋಜಿಗೆ ತಡೆ ಹಾಕಿತು. ಅದು ಒಳ್ಳೆಯದೇ ಆಯಿತು. ಇಂದು ಈ ಕೈಚಳಕಕ್ಕೆ ಉಳಿದಿರುವ ಯೋಗ್ಯ ಕೆಲಸ ಕಲಿಸುವುದು. ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಯೊಂದರ ಮುಂದೆ ನಿಂತಾಗ ಮೊದಲು ಕಿವಿ ನೋಡಿ: ಅಂಚು ತೆಳುವಾಗಿ, ನೇರವಾಗಿ ಇದೆಯೇ? ಒಳಗುಳಿ ಆಳವಾಗಿದೆಯೇ? ಬುಡ ತುಂಬಿಕೊಂಡಿದೆಯೇ? ಕಿವಿಯ ದಿಕ್ಕು ಮುಖಭಾವಕ್ಕೆ ಒಪ್ಪುತ್ತದೆಯೇ? ಕಾಡಿನ ಪ್ರಾಣಿಯನ್ನು ಅಷ್ಟು ಹತ್ತಿರದಿಂದ ನೋಡಲು ಬಹಳಷ್ಟು ಮಕ್ಕಳಿಗೆ ಬೇರೆ ಅವಕಾಶವಿಲ್ಲ. ಅವರಿಗೆ ತಪ್ಪು ಪ್ರಾಣಿಯನ್ನು ತೋರಿಸಬಾರದು.