ಆರ್‌ಪಿಎಂ ಮೀಟರ್ ಇಲ್ಲದ ಕಾರು

ನಮ್ಮ ಮನೇಲಿ ಒಂದು ಹಳೇ ಮಾರುತಿ 800 ಇದೆ. ಅದರ ಡ್ಯಾಶ್‌ಬೋರ್ಡ್‌ನಲ್ಲಿ ಸ್ಪೀಡೋಮೀಟರ್, ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಬಿಟ್ಟರೆ ಹೆಚ್ಚೇನಿಲ್ಲ. ಆರ್‌ಪಿಎಂ ಮೀಟರ್ ಅಂತೂ ಇಲ್ಲವೇ ಇಲ್ಲ. ನಾನು ಡ್ರೈವಿಂಗ್ ಕಲಿಯುವಾಗ ಪದೇ ಪದೇ ಸ್ಪೀಡ್ ನೋಡಿ ಗೇರ್ ಹಾಕುತ್ತಿದ್ದೆ. ಅಪ್ಪ ಬೈಯೋರು: "ಮೀಟರ್ ಏನ್ ನೋಡ್ತೀಯಾ, ಇಂಜಿನ್ ಕೂಗ್ತಿರೋದು ಕೇಳಿಸ್ತಿಲ್ವಾ? ಮೂರಕ್ಕೆ ಹಾಕು."

ಈ ವರ್ಷ ಆ ಕಾರು ಮಾರಿ ಎಲೆಕ್ಟ್ರಿಕ್ ಕಾರು ತಗೊಳ್ಳೋ ಮಾತು ನಡೀತಿದೆ. ಖರ್ಚಿನ ಲೆಕ್ಕದಲ್ಲಿ ಅದು ಸರಿಯೇ. ಆದರೂ ನನಗೆ ಒಳಗೊಳಗೇ ಬೇಜಾರು. 796 ಸಿಸಿಯ ಒಂದು ಪುಟ್ಟ ಇಂಜಿನ್, ಅದರ ಸದ್ದಿಗೆ ಯಾಕಿಷ್ಟು ಮೋಹ? ರೇಸ್ ಕಾರೇನಲ್ಲವಲ್ಲ. ಇಂಜಿನಿಯರಿಂಗ್ ಓದ್ತಿದ್ದೀವಿ ಅಂದಮೇಲೆ ಇದನ್ನೂ ಬಿಚ್ಚಿ ನೋಡೋಣ ಅಂತ ಕೂತೆ.

ಸದ್ದು ಎಲ್ಲಿಂದ ಬರುತ್ತೆ?

ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಂದು ಸಿಲಿಂಡರ್ ಒಮ್ಮೆ ಉರಿಯುತ್ತೆ ಅನ್ನೋದು ನಮಗೆಲ್ಲ ಗೊತ್ತು. ಉರಿದ ಮೇಲೆ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೆ ಒಳಗಿನ ಅನಿಲದ ಒತ್ತಡ ಹೊರಗಿನ ಗಾಳಿಗಿಂತ ಇನ್ನೂ ಸಾಕಷ್ಟು ಹೆಚ್ಚಿರುತ್ತೆ. ಅದು ಒಮ್ಮೆಲೇ ಪೈಪಿಗೆ ನುಗ್ಗುತ್ತೆ. ಹೀಗೆ ನುಗ್ಗಿದ್ದೇ ಒಂದು "ಟಪ್". ಸೆಕೆಂಡಿಗೆ ಇಂಥ ಎಷ್ಟು "ಟಪ್" ಅನ್ನೋದೇ ಇಂಜಿನ್ನಿನ ಶ್ರುತಿ. ಲೆಕ್ಕ ಸುಲಭ:

ಹರ್ಟ್ಜ್ = (ಆರ್‌ಪಿಎಂ ÷ 60) × (ಸಿಲಿಂಡರ್ ಸಂಖ್ಯೆ ÷ 2)

3000 ಆರ್‌ಪಿಎಂನಲ್ಲಿ ಮೂರು ಸಿಲಿಂಡರಿನ ಇಂಜಿನ್ 75 ಹರ್ಟ್ಜ್, ನಾಲ್ಕು ಸಿಲಿಂಡರಿನದು 100 ಹರ್ಟ್ಜ್. ಸಂಗೀತ ಕಲಿತವರಿಗೆ ಇಲ್ಲೊಂದು ಖುಷಿ ಇದೆ. ಇವೆರಡರ ಅನುಪಾತ 4/3. ಅಂದರೆ 800ರ ಸದ್ದು ಷಡ್ಜ ಆದರೆ, ಅದೇ ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಕಾರು ಶುದ್ಧ ಮಧ್ಯಮದಲ್ಲಿರುತ್ತೆ!

ಆದರೆ ಕೇಳಿಸೋದು ಈ ಒಂದೇ ಸ್ವರ ಅಲ್ಲ. ಅದರ ಎರಡರಷ್ಟು, ಮೂರರಷ್ಟು ಕಂಪನಾಂಕದ ಹಾರ್ಮೋನಿಕ್‌ಗಳೂ ಜೊತೆಗಿರುತ್ತವೆ. ಸಿಲಿಂಡರ್‌ಗಳು ಸಮಾನ ಅಂತರದಲ್ಲಿ ಉರಿದರೆ ಸದ್ದು ನುಣ್ಣಗಿರುತ್ತೆ. ಒಂದೊಂದು ಪೈಪಿಗೆ ಬರೋ "ಟಪ್"ಗಳ ನಡುವಿನ ಅಂತರ ಏರುಪೇರಾದರೆ ಸದ್ದು ಗುಡುಗುಡು ಅನ್ನುತ್ತೆ. ಅಮೆರಿಕದ ವಿ8 ಕಾರುಗಳ ಗುಡುಗಿನ ಗುಟ್ಟು ಇದೇ. ಅವುಗಳ ಕ್ರ್ಯಾಂಕ್ ವಿನ್ಯಾಸದಿಂದಾಗಿ ಒಂದೊಂದು ಬದಿಯ ನಾಲ್ಕು ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯೋದಿಲ್ಲ.

ಫೋನ್ ಹಿಡಿದು ಅಳೆದದ್ದು

ಸೂತ್ರವನ್ನು ತಿರುಗಿಸಿದರೆ ಸದ್ದಿನಿಂದಲೇ ಆರ್‌ಪಿಎಂ ಸಿಗಬೇಕಲ್ವಾ? ಮೂರು ಸಿಲಿಂಡರ್ ಆದರೆ ಹರ್ಟ್ಜ್‌ ಅನ್ನು 40ರಿಂದ, ನಾಲ್ಕಾದರೆ 30ರಿಂದ ಗುಣಿಸಿದರೆ ಸಾಕು. ರಜೆಯಲ್ಲಿ ಊರಿಗೆ ಹೋದಾಗ ಸ್ಪೆಕ್ಟ್ರಮ್ ತೋರಿಸುವ ಒಂದು ಆಪ್ ಹಾಕಿಕೊಂಡು ಅಪ್ಪನ ಪಕ್ಕ ಕೂತೆ. ಎರಡನೇ ಗೇರ್‌ನಲ್ಲಿ 140 ಹರ್ಟ್ಜ್ ಹತ್ತಿರ ದಪ್ಪ ಗೆರೆ. ಗುಣಿಸಿದರೆ 5600 ಆರ್‌ಪಿಎಂ! ಆಗ ಕಾರಿನ ವೇಗ ಗಂಟೆಗೆ 30 ಕಿ.ಮೀ. ಕೂಡ ಇರಲಿಲ್ಲ. ಎಲ್ಲೋ ತಪ್ಪಿದೆ ಅನ್ನಿಸಿ ಮತ್ತೆ ನೋಡಿದಾಗ ಅದರ ಅರ್ಧಕ್ಕೆ, 70 ಹರ್ಟ್ಜ್‌ನಲ್ಲಿ, ಇನ್ನೊಂದು ತೆಳು ಗೆರೆ ಕಾಣಿಸಿತು. ನಿಜವಾದ ಸ್ವರ ಅದು. ಕೆಳ ಕಂಪನಾಂಕಗಳನ್ನು ಫೋನಿನ ಪುಟ್ಟ ಮೈಕ್ ಸರಿಯಾಗಿ ಹಿಡಿಯೋಲ್ಲ, ಹಾಗಾಗಿ ಅದರ ಹಾರ್ಮೋನಿಕ್ಕೇ ಜೋರಾಗಿ ಕಂಡಿತ್ತು. 70ನ್ನು 40ರಿಂದ ಗುಣಿಸಿದರೆ 2800. ಇದು ನಂಬುವಂಥ ಸಂಖ್ಯೆ.

ಆಮೇಲೆ ಹತ್ತು ಸಲ ಅಪ್ಪ ಎರಡರಿಂದ ಮೂರಕ್ಕೆ ಗೇರ್ ಹಾಕಿದ್ದನ್ನು ಬರೆದುಕೊಂಡೆ. ಹತ್ತೂ ಸಲ 66ರಿಂದ 72 ಹರ್ಟ್ಜ್ ಒಳಗೇ. ಅಂದರೆ ಸುಮಾರು 2650ರಿಂದ 2900 ಆರ್‌ಪಿಎಂ. ಅಪ್ಪನಿಗೆ ಹರ್ಟ್ಜ್ ಗೊತ್ತಿಲ್ಲ, ಆದರೆ ಕಿವಿಯಲ್ಲೇ ಒಂದು ಮೀಟರ್ ಇದೆ.

ಶ್ರುತಿ ನಂಬಿ, ಜೋರು ನಂಬಬೇಡಿ

ಕಿವಿ ಹೀಗೆ ಶ್ರುತಿ ಹಿಡಿಯೋದರಲ್ಲಿ ಅರ್ಥ ಇದೆ. ಪವರ್ ಅಂದರೆ ಟಾರ್ಕ್ ಮತ್ತು ತಿರುಗುವ ವೇಗದ ಗುಣಲಬ್ಧ. ಒಂದು ಸಣ್ಣ ಇಂಜಿನ್ 3500 ಆರ್‌ಪಿಎಂನಲ್ಲಿ 90 ನ್ಯೂಟನ್ ಮೀಟರ್ ಕೊಡುತ್ತೆ ಅಂದುಕೊಳ್ಳಿ. ಆಗ ಪವರ್ 33 ಕಿಲೋವ್ಯಾಟ್. 6000ಕ್ಕೆ ಏರಿದಾಗ ಟಾರ್ಕ್ 80ಕ್ಕೆ ಇಳಿದರೂ ಪವರ್ 50 ಕಿಲೋವ್ಯಾಟ್ ಆಗುತ್ತೆ. ಶ್ರುತಿ ಏರಿದಂತೆ ಪವರ್ ಕೂಡ, ಅದರ ಗರಿಷ್ಠ ಮಿತಿ ಮುಟ್ಟುವ ತನಕ, ನಿಜವಾಗಲೂ ಏರುತ್ತೆ. ಹೆದ್ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಸಣ್ಣ ಕಾರನ್ನು ಕೊನೆಯ ತನಕ ಏರಿಸಬೇಕಾಗುತ್ತೆ. ದೊಡ್ಡ ಇಂಜಿನ್ನಿನ ಕಾರಿನಲ್ಲಿ ಅರ್ಧಕ್ಕೇ ಕೆಲಸ ಮುಗಿಯುತ್ತೆ. ಸಣ್ಣ ಕಾರಿನ ಮಜಾ ಇರೋದು ಇಲ್ಲೇ: ಅದರಲ್ಲಿ ಇರೋದಷ್ಟನ್ನೂ ನಾವೇ ದುಡಿಸಿಕೊಳ್ತೀವಿ, ಅದು ಕೇಳಿಸುತ್ತೆ ಕೂಡ.

ಜೋರು ಮಾತ್ರ ಸುಳ್ಳು ಹೇಳುತ್ತೆ. ಗೆಳೆಯನೊಬ್ಬ ತಮ್ಮ ಮನೆಯ ಹ್ಯಾಚ್‌ಬ್ಯಾಕ್‌ಗೆ ಹೊಸ ಸೈಲೆನ್ಸರ್ ಹಾಕಿಸಿ "ಪಿಕಪ್ ಜಾಸ್ತಿ ಆಗಿದೆ ಮಗಾ" ಅಂದ. ಹಳೇ ಸೈಲೆನ್ಸರ್ ಇನ್ನೂ ಅವನ ಹತ್ತಿರವೇ ಇತ್ತು. ಮತ್ತೆ ಅದನ್ನೇ ಹಾಕಿಸಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ 30ರಿಂದ 60 ಕಿ.ಮೀ. ತಲುಪೋ ಸಮಯವನ್ನು ಎರಡರಲ್ಲೂ ಅಳೆದೆವು. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಪ್ಪನ್ನು ಮೀರಿದ ವ್ಯತ್ಯಾಸ ಸಿಗಲಿಲ್ಲ. ಸದ್ದು 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಗುತ್ತೆ ನಿಜ, ಆದರೆ ಆ ಶಕ್ತಿಯನ್ನು ಅಳೆಯೋದು ವ್ಯಾಟ್‌ಗಳಲ್ಲಿ, ಇಂಜಿನ್ನಿನದ್ದು ಕಿಲೋವ್ಯಾಟ್‌ಗಳಲ್ಲಿ. ಏರಿದ್ದು ಅಕ್ಕಪಕ್ಕದವರ ಬಿಪಿ ಮಾತ್ರ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರ ಪ್ರಕಾರ ಇದಕ್ಕೆ 10,000 ರೂಪಾಯಿವರೆಗೂ ದಂಡ ಬೀಳಬಹುದು.

ಸದ್ದಿಲ್ಲದ ಕಾರು ಬಂದಮೇಲೆ

ಕಂಪನಿಗಳಿಗೂ ಈ ಮೋಹ ಗೊತ್ತು. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಇಂಜಿನ್ ಸದ್ದನ್ನು ಸ್ಪೀಕರ್ ಮೂಲಕವೂ ಒಳಗೆ ಕೇಳಿಸುತ್ತಿದ್ದರು. ಎಲೆಕ್ಟ್ರಿಕ್ ಕಾರುಗಳ ವಿಷಯದಲ್ಲಿ ಸದ್ದು ಸುರಕ್ಷತೆಯ ಪ್ರಶ್ನೆಯೂ ಆಯ್ತು. ಯುರೋಪಿನಲ್ಲಿ 2021ರಿಂದ ಹೊಸ ಎಲೆಕ್ಟ್ರಿಕ್ ಕಾರುಗಳೆಲ್ಲ ಗಂಟೆಗೆ 20 ಕಿ.ಮೀ. ವೇಗದ ತನಕ ಕೃತಕ ಸದ್ದು ಮಾಡಲೇಬೇಕು. ಸುಮ್ಮನೆ ಗುಂಯ್ ಅಂದರೆ ಸಾಲದು, ವೇಗಕ್ಕೆ ತಕ್ಕಂತೆ ಅದರ ಶ್ರುತಿಯೂ ಬದಲಾಗಬೇಕು. ಕಾರು ಹತ್ತಿರ ಬರ್ತಿದೆಯಾ, ವೇಗ ಹೆಚ್ಚಿಸ್ತಿದೆಯಾ ಅಂತ ಕಣ್ಣು ಕಾಣದವರಿಗೂ ತಿಳಿಯಲಿ ಅಂತ. ಅಪ್ಪ ಇಷ್ಟು ವರ್ಷ ಕೇಳಿಸಿಕೊಂಡಿದ್ದನ್ನೇ ಈಗ ನಿಯಮ ಮಾಡಿ ಬರೆದಿದ್ದಾರೆ.

ನಮ್ಮ 800 ಇನ್ನೆಷ್ಟು ದಿನ ಇರುತ್ತೋ ಗೊತ್ತಿಲ್ಲ. ನಾಲ್ಕೂ ಗೇರ್‌ಗಳ ಸದ್ದನ್ನು ರೆಕಾರ್ಡ್ ಮಾಡಿ ಇಟ್ಟಿದ್ದೀನಿ. ಅಪ್ಪನಿಗೆ ಕೇಳಿಸಿದಾಗ ಎರಡೇ ಕ್ಷಣ ಕಿವಿಗೊಟ್ಟು, "ಇಲ್ಲಿ ತಡ ಮಾಡಿದೀಯ, ಮೂರಕ್ಕೆ ಹಾಕ್ಬೇಕಿತ್ತು" ಅಂದರು. ಹೌದು, ಆ ಭಾಗದಲ್ಲಿ ಕಾರು ಓಡಿಸಿದ್ದು ನಾನು.