ಅಂಬಾಸಿಡರ್ ಬಾಗಿಲೊಳಗಿನ ಮಳೆ

ಹಳೆಯ ಅಂಬಾಸಿಡರ್ ಕಾರಿನ ಬಾಗಿಲಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ. ಮೊದಲು ಕೆಳಅಂಚಿನಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಒತ್ತಿದರೆ ಗುಳ್ಳೆ ಒಡೆದು ಕಂದು ಪುಡಿ ಉದುರುತ್ತದೆ. ಗ್ಯಾರೇಜಿಗೆ ಒಯ್ದರೆ ಹೊಸ ತಗಡು ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಡುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಏಕೆಂದರೆ ದುರಸ್ತಿ ನಡೆದದ್ದು ಕೆಳಗೆ, ಕಾರಣ ಇರುವುದು ಮೇಲೆ. ಕಿಟಕಿಯ ಗಾಜು ಬಾಗಿಲಿನೊಳಕ್ಕೆ ಇಳಿಯುವ ಸಂದಿಯ ರಬ್ಬರ್ ಪಟ್ಟಿ, ಅಂದರೆ ಗ್ಯಾರೇಜಿನವರು ಹೇಳುವ ಬೀಡಿಂಗ್, ಸತ್ತು ಬಹಳ ಕಾಲವಾಗಿರುತ್ತದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಸುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಂದ ಕಾರಾದ್ದರಿಂದ ಈಗಲೂ ಅದನ್ನು ಮನೆಯವರಂತೆ ನೋಡಿಕೊಳ್ಳುವವರಿದ್ದಾರೆ. ಎಂಜಿನ್ನಿಗೆ, ಕ್ರೋಮಿಗೆ ಅವರು ಕೈಬಿಚ್ಚಿ ಖರ್ಚು ಮಾಡುತ್ತಾರೆ. ಬೀಡಿಂಗಿನ ಸರದಿ ಬರುವುದು ಕೊನೆಗೆ. ನನ್ನ ಪ್ರಕಾರ ಈ ಕ್ರಮವೇ ತಿರುಗುಮುರುಗು.

ಕಾರಿನ ಬಾಗಿಲು ನೀರನ್ನು ಪೂರ್ತಿ ಹೊರಗಿಡಲು ಮಾಡಿದ್ದಲ್ಲ. ಮೇಲೂ ಕೆಳಗೂ ಓಡಾಡುವ ಗಾಜಿಗೆ ಒಂದು ಹನಿಯೂ ನುಸುಳದಂತೆ ರಬ್ಬರ್ ಬಿಗಿದರೆ ಗಾಜು ಅಲುಗುವುದೇ ಇಲ್ಲ. ಅದಕ್ಕೇ ವಿನ್ಯಾಸಕಾರರು ಬೇರೆ ದಾರಿ ಹಿಡಿದರು. ಮಲೆನಾಡಿನ ತೊಟ್ಟಿಮನೆಯಲ್ಲಿ ಮಳೆ ಮನೆಯ ನಡುವೆಯೇ ಬಿದ್ದರೂ ಜಗಲಿ ನೆನೆಯದೆ ನೀರು ತೂಬಿನಿಂದ ಹೊರಹೋಗುತ್ತದಲ್ಲ, ಬಾಗಿಲಿನ ಲೆಕ್ಕಾಚಾರವೂ ಅದೇ. ಹೊರಗಿನ ಬೀಡಿಂಗ್ ಗಾಜಿನ ಮೈಯಿಂದ ಬಹುಪಾಲು ನೀರನ್ನು ಒರೆಸಿ ಹೊರಗೇ ಚೆಲ್ಲುತ್ತದೆ. ತಪ್ಪಿಸಿಕೊಂಡ ನೀರು ಬಾಗಿಲಿನ ಹೊಟ್ಟೆಯೊಳಗೆ ಗಾಜಿನ ಗುಂಟ ಇಳಿದು, ಕೆಳಅಂಚಿನ ಸಣ್ಣ ರಂಧ್ರಗಳಿಂದ ರಸ್ತೆಗೆ ಬೀಳುತ್ತದೆ. ಒಳಗಿನ ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ನಮ್ಮ ಮೊಣಕಾಲಿನ ಕಡೆಗೆ ಅದು ಬಾರದಂತೆ ತಡೆಯುತ್ತದೆ.

ಹೀಗಾಗಿ ಬೀಡಿಂಗ್ ಹಾಳಾದಾಗ ಬಾಗಿಲೊಳಗೆ ಹೊಸದಾಗಿ ನೀರು ಬರಲು ಶುರುವಾಗುವುದಲ್ಲ, ಬರುತ್ತಿದ್ದ ನೀರಿನ ಪ್ರಮಾಣ ಹೆಚ್ಚುತ್ತದೆ. ಜೊತೆಗೆ ಧೂಳು, ಒಣ ಎಲೆ, ಮಣ್ಣು ಇಳಿಯುತ್ತವೆ. ಕೆಸರು ಕೆಳಗಿನ ರಂಧ್ರಗಳನ್ನು ಮುಚ್ಚುತ್ತದೆ. ಬಾಗಿಲಿನ ಹೊರತಗಡನ್ನು ಒಳಚೌಕಟ್ಟಿನ ಮೇಲೆ ಮಡಿಚಿ ಒತ್ತಿರುವ ಅಂಚು ಅಲ್ಲೇ ಇದೆ. ಎರಡು ತಗಡುಗಳ ನಡುವಿನ ಕೂದಲೆಳೆಯಷ್ಟು ಸಂದಿ ಲೋಮನಾಳದಂತೆ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಮೇಲೆಲ್ಲ ಒಣಗಿದ ಮೇಲೂ ಆ ಮಡಿಕೆ ಹಸಿಯಾಗಿಯೇ ಇರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅದು ಉಬ್ಬುತ್ತಾ ಮಡಿಕೆಯನ್ನು ಬಿಚ್ಚುತ್ತದೆ, ಬಿಚ್ಚಿದಷ್ಟೂ ಒಳಗೆ ಹೊಸ ನೀರಿಗೆ ಜಾಗವಾಗುತ್ತದೆ.

ಹಾಗಾದರೆ ರಬ್ಬರ್ ಸಾಯುವುದೇಕೆ? ಕಿತ್ತ ಬೀಡಿಂಗಿನ ತುಂಡೊಂದನ್ನು ಬೆಳಕಿಗೆ ಹಿಡಿದು ಬಗ್ಗಿಸಿ. ಹೊರಬಾಗಿದ ಮೈಯಲ್ಲಿ ಸಣ್ಣ ಬಿರುಕುಗಳು ಬಾಯಿ ತೆರೆಯುತ್ತವೆ. ಅವು ಒಂದರ ಪಕ್ಕ ಒಂದು, ಬಹುತೇಕ ಸಮಾನಾಂತರವಾಗಿ ಇದ್ದರೆ, ರಬ್ಬರ್ ಯಾವ ದಿಕ್ಕಿಗೆ ಎಳೆದುಕೊಂಡಿತ್ತೋ ಅದಕ್ಕೆ ಅಡ್ಡಲಾಗಿ ಸಾಲುಗಟ್ಟಿದ್ದರೆ, ಅದು ಓಝೋನ್ ಮಾಡಿದ ಕೆಲಸ. ಬರೀ ಬಿಸಿಲಿನಿಂದ ಮೂಡುವ ಬಿರುಕಿಗೆ ಹೀಗೊಂದು ದಿಕ್ಕು ಇರುವುದಿಲ್ಲ, ಮೇಲ್ಮೈ ತುಂಬ ಬಲೆಯಂತೆ ಹರಡಿರುತ್ತದೆ.

ಸುಳ್ಯ, ಪುತ್ತೂರಿನ ತೋಟಗಳ ಮರದಿಂದ ಇಳಿಯುವ ಹಾಲಿನಲ್ಲಿರುವ ರಬ್ಬರ್ ಐಸೋಪ್ರೀನ್ ಎಂಬ ಅಣುವಿನ ಉದ್ದನೆಯ ಸರಪಳಿ. ಸರಪಳಿಯ ಪ್ರತಿ ಕೊಂಡಿಯಲ್ಲೂ ಇಂಗಾಲದ ಒಂದು ದ್ವಿಬಂಧವಿದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಅಂಟುಗುಣ ಬಿಟ್ಟು ಗಟ್ಟಿಮುಟ್ಟಾಗುವುದನ್ನು ಕಂಡುಕೊಂಡ. ಗಂಧಕ ಸರಪಳಿ ಸರಪಳಿಗೆ ಅಡ್ಡ ಬೆಸುಗೆ ಹಾಕುತ್ತದೆ. ಆದರೆ ಅದಕ್ಕೆ ಕೆಲವೇ ಕೊಂಡಿಗಳು ಸಾಕು, ಉಳಿದ ದ್ವಿಬಂಧಗಳು ಹಾಗೆಯೇ ತೆರೆದಿರುತ್ತವೆ. ಓಝೋನ್ ಕತ್ತರಿಸುವುದು ಅವನ್ನೇ.

ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ನೆಲಮಟ್ಟದಲ್ಲಿ ಹುಟ್ಟುವ ಓಝೋನ್ ಹತ್ತು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ. ಅಷ್ಟು ಸಾಕು. ಸಡಿಲವಾಗಿ ಬಿದ್ದಿರುವ ರಬ್ಬರಿನಲ್ಲಿ ಅದು ಮೇಲಿನ ತೆಳು ಪದರವನ್ನಷ್ಟೇ ಕೆಡಿಸುತ್ತದೆ, ಕೆಟ್ಟ ಪದರವೇ ಒಳಗಿನದಕ್ಕೆ ಹೊದಿಕೆಯಾಗುತ್ತದೆ. ಎಳೆದು ಕೂರಿಸಿದ ರಬ್ಬರಿನ ಕಥೆ ಬೇರೆ. ಸರಪಳಿ ತುಂಡಾದ ಕೂಡಲೇ ಎರಡೂ ತುದಿಗಳು ಹಿಂದಕ್ಕೆ ಸರಿಯುತ್ತವೆ, ಬಿರುಕಿನ ತಳದಲ್ಲಿ ತಾಜಾ ರಬ್ಬರ್ ಗಾಳಿಗೆ ಒಡ್ಡಿಕೊಳ್ಳುತ್ತದೆ, ಓಝೋನ್ ಇನ್ನೂ ಆಳಕ್ಕೆ ಇಳಿಯುತ್ತದೆ. ಒಂದೇ ಅಂಗಡಿಯ ಒಂದೇ ಸುರುಳಿಯಿಂದ ಕತ್ತರಿಸಿದ ಬೀಡಿಂಗ್ ಒಂದು ಕಾರಿನಲ್ಲಿ ಬಹುಕಾಲ ಬಾಳಿ, ಇನ್ನೊಂದರಲ್ಲಿ ಬೇಗನೆ ಬಿರಿಯಲು ಎಷ್ಟೋ ಸಲ ಇದೇ ಕಾರಣ: ಅದನ್ನು ಕೂರಿಸಿದ ಕೈ.

ಕೊಳ್ಳುವಾಗ ಇಪಿಡಿಎಂ ರಬ್ಬರ್ ಕೇಳಿ. 1960ರ ದಶಕದಿಂದ ಮಾರುಕಟ್ಟೆಯಲ್ಲಿರುವ ಈ ಕೃತಕ ರಬ್ಬರಿನ ಬೆನ್ನೆಲುಬಿನಲ್ಲಿ ದ್ವಿಬಂಧಗಳೇ ಇಲ್ಲ. ಗಂಧಕಕ್ಕೆ ಹಿಡಿದುಕೊಳ್ಳಲು ಬೇಕಾದ ಕೆಲವು ದ್ವಿಬಂಧಗಳು ಪಕ್ಕಕ್ಕೆ ನೇತುಬಿದ್ದಿರುತ್ತವೆ. ಓಝೋನ್ ಅವನ್ನು ಕಡಿದರೂ ಮುಖ್ಯ ಸರಪಳಿ ತುಂಡಾಗುವುದಿಲ್ಲ. ಸಹಜ ರಬ್ಬರನ್ನು ಕೀಳೆಂದು ಹೇಳುತ್ತಿಲ್ಲ. ಹರಿಯದೆ ತಡೆದುಕೊಳ್ಳುವ ಗುಣದಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟ, ವಿಮಾನದ ಟೈರಿಗೆ ಇಂದಿಗೂ ಅದೇ ಬೇಕು. ವರ್ಷಗಟ್ಟಲೆ ಬಿಸಿಲಲ್ಲಿ ಸುಮ್ಮನೆ ನಿಲ್ಲುವ ಕೆಲಸಕ್ಕೆ ಮಾತ್ರ ಇಪಿಡಿಎಂ ಮೇಲು. ಅಂಗಡಿಗೆ ಹೋಗುವಾಗ ಹಳೆಯ ಬೀಡಿಂಗಿನ ತುಂಡು ಜೊತೆಗಿರಲಿ. ಉದ್ದಕ್ಕಿಂತ ಅಡ್ಡಕೊಯ್ತದ ಆಕಾರ ಮುಖ್ಯ. ಗಾಜಿಗೆ ತಾಗುವ ತುಟಿ ಒಂದೆರಡು ಮಿಲಿಮೀಟರ್ ಹೆಚ್ಚು ದಪ್ಪವಾದರೂ ಗಾಜು ಸಿಕ್ಕಿಕೊಂಡು, ಹ್ಯಾಂಡಲ್ ತಿರುಗಿಸುವಾಗ ಒಳಗಿನ ಹಲ್ಲುಚಕ್ರಕ್ಕೆ ಪೆಟ್ಟು ಬೀಳುತ್ತದೆ.

ಗಾಜು ಜಾರುವ ಚಾನೆಲ್‌ನ ಒಳಮೈಯಲ್ಲಿ ಬೆರಳಾಡಿಸಿದರೆ ಮಖಮಲ್ಲಿನ ಸ್ಪರ್ಶ ಸಿಗುತ್ತದೆ. ಒಣ ಗಾಜಿಗೂ ಬರಿ ರಬ್ಬರಿಗೂ ವಿಪರೀತ ಘರ್ಷಣೆ. ಗಾಜು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಿರುಗುಡುತ್ತದೆ. ಅದಕ್ಕಾಗಿ ನೈಲಾನಿನ ಸಣ್ಣ ಸಣ್ಣ ಎಳೆಗಳನ್ನು ಅಂಟು ಸವರಿದ ರಬ್ಬರಿನ ಮೇಲೆ ಭಾರೀ ವಿದ್ಯುತ್ ಕ್ಷೇತ್ರದಲ್ಲಿ ಹಾರಿಸುತ್ತಾರೆ. ಕ್ಷೇತ್ರರೇಖೆಗಳ ಗುಂಟ ನೆಟ್ಟಗೆ ತಿರುಗಿದ ಎಳೆಗಳು ತುದಿಯೂರಿ, ನಿಂತಂತೆಯೇ ಅಂಟಿಕೊಳ್ಳುತ್ತವೆ. ಗಾಜು ಈಗ ಮುಟ್ಟುವುದು ಆ ಎಳೆಗಳ ತುದಿಗಳನ್ನು ಮಾತ್ರ. ಆ ಮಖಮಲ್ಲು ಸವೆದು ರಬ್ಬರ್ ಹೊಳೆಯುತ್ತಿದ್ದರೆ ಚಾನೆಲ್ ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ. ಗ್ರೀಸ್ ಹಚ್ಚಿ ದಿನ ತಳ್ಳಬೇಡಿ. ಪೆಟ್ರೋಲಿಯಂ ಎಣ್ಣೆ, ಗ್ರೀಸುಗಳನ್ನು ಹೀರಿ ಸಹಜ ರಬ್ಬರೂ ಇಪಿಡಿಎಂ ಕೂಡ ಊದಿ ಮೆತ್ತಗಾಗುತ್ತವೆ.

ಇನ್ನು ಕೂರಿಸುವ ಕೆಲಸ. ಸುರುಳಿಯಲ್ಲಿ ಬಂದ ಬೀಡಿಂಗನ್ನು ಬಿಡಿಸಿ, ಎಳೆಬಿಸಿಲಿನಲ್ಲಿ ನೆಟ್ಟಗೆ ಮಲಗಿಸಿ, ಅದು ತಾನಾಗಿ ಸಡಿಲಗೊಳ್ಳಲು ಬಿಡಿ. ಅಷ್ಟರಲ್ಲಿ ಗಾಜನ್ನು ಪೂರ್ತಿ ಇಳಿಸಿ, ಹ್ಯಾಂಡಲ್ ಮತ್ತು ಪ್ಯಾಡ್ ಬಿಚ್ಚಿ, ಹಳೆಯ ಕ್ಲಿಪ್ಪುಗಳು ಕೂತಿದ್ದ ಜಾಗವನ್ನು ಉಜ್ಜಿ ತುಕ್ಕು ತೆಗೆದು ಪ್ರೈಮರ್ ಬಳಿಯಬಹುದು. ರಬ್ಬರನ್ನು ಬೇಕಾದ ಅಳತೆಗಿಂತ ಒಂದು ಸೆಂಟಿಮೀಟರಿನಷ್ಟು ಉದ್ದವಾಗಿಯೇ ಕತ್ತರಿಸಿ. ಮೊದಲು ಮೂಲೆಗಳನ್ನು, ಆಮೇಲೆ ಮಧ್ಯವನ್ನು ಕೂರಿಸಿ, ಹೆಚ್ಚಾದದ್ದನ್ನು ಒಳಕ್ಕೆ ತಳ್ಳುತ್ತಾ ಹೋಗಿ. ಎಳೆದು ಹಚ್ಚುವುದು ಸುಲಭ, ಆ ಕ್ಷಣಕ್ಕೆ ನೇರವಾಗಿ ಚೆಂದವೂ ಕಾಣುತ್ತದೆ. ಆದರೆ ದಿನಕಳೆದಂತೆ ರಬ್ಬರ್ ತನ್ನ ಉದ್ದಕ್ಕೆ ಮರಳಿ ಮೂಲೆಯಲ್ಲಿ ಸಂದಿ ಬಿಡುತ್ತದೆ. ಸಂದಿ ಬಿಡದೆ ಹಿಡಿದುಕೊಂಡರೆ ಓಝೋನಿಗೆ ಬಾಯಿ ಕೊಡುತ್ತದೆ. ಜಾರಲೆಂದು ಸೋಪಿನ ನೀರು ಸಾಕು. ಸಿಲಿಕೋನ್ ಸ್ಪ್ರೇ ಬಳಸುವುದಾದರೆ ಬಣ್ಣದ ಕೆಲಸ ಎಲ್ಲ ಮುಗಿದ ಮೇಲೆ ಬಳಸಿ. ಅದರ ಒಂದು ಹನಿ ತಗಡಿನ ಮೇಲಿದ್ದರೂ ಹೊಸ ಬಣ್ಣ ಅಲ್ಲಿ ಹಿಡಿಯದೆ ಗುಳಿ ಬೀಳುತ್ತದೆ.

ಕೊನೆಯದಾಗಿ ನೀರಿನ ಪರೀಕ್ಷೆ. ಗಾಜನ್ನು ಮತ್ತೆ ಮೇಲೇರಿಸಿ, ಆದರೆ ಪ್ಯಾಡನ್ನು ಇನ್ನೂ ಹಾಕಬೇಡಿ. ಕೆಳಅಂಚಿನ ಪ್ರತಿ ರಂಧ್ರಕ್ಕೂ ತಂತಿ ಹಾಕಿ ಕೆಸರು ಬಿಡಿಸಿ. ಪೈಪಿನ ನೀರನ್ನು ಮೆಲ್ಲಗೆ ಬಾಗಿಲಿನ ಕೆಳಗಿನಿಂದ ಶುರುಮಾಡಿ ಹಂತಹಂತವಾಗಿ ಮೇಲಕ್ಕೆ ಏರಿಸಿ. ಮೊದಲೇ ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಸೋರುವ ಜಾಗ ಗೊತ್ತಾಗುವುದಿಲ್ಲ. ಒಳಗಿನಿಂದ ಟಾರ್ಚ್ ಹಾಕಿ ನೋಡಿದರೆ ಗಾಜಿನ ಹೊರಮೈಯಲ್ಲಿ ಒಂದೆರಡು ಎಳೆ ನೀರು ಇಳಿಯುವುದು ಕಾಣಬಹುದು, ಅದಕ್ಕೆ ಗಾಬರಿ ಬೇಡ. ಧಾರೆಯಾಗಿ ಇಳಿದರೆ ಬೀಡಿಂಗಿನ ತುಟಿ ಗಾಜಿಗೆ ತಾಗುತ್ತಿಲ್ಲ, ಕ್ಲಿಪ್ಪುಗಳನ್ನು ಮತ್ತೆ ಒತ್ತಿ ಕೂರಿಸಬೇಕು. ಇಳಿದ ನೀರೆಲ್ಲ ರಂಧ್ರಗಳಿಂದ ತಡವಿಲ್ಲದೆ ಹೊರಬಿದ್ದ ಮೇಲೆ ಬಾಗಿಲನ್ನು ಒಣಗಿಸಿ, ಹೊಸ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಅಂಟಿಸಿ, ಆಮೇಲೆ ಪ್ಯಾಡ್ ಹಾಕಿ.