ಉಪ್ಪು ತಿಂದವನು ಕುಡಿಯುವ ನೀರು

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ನಾವು ಕರ್ಮಫಲಕ್ಕೆ ಅನ್ವಯಿಸುತ್ತ ಬಂದಿದ್ದೇವೆ. ಅಕ್ಷರಶಃ ಅದು ಶರೀರಶಾಸ್ತ್ರವೂ ಹೌದು. ಮಿತಿಮೀರಿದ ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ಧಮನಿಗಳ ಗೋಡೆಯ ಮೇಲೆ ಒತ್ತಡ ಏರುತ್ತದೆ. ವಂಶ, ವಯಸ್ಸು, ಬೊಜ್ಜು, ಮದ್ಯ ಮೊದಲಾದ ಬೇರೆ ಕಾರಣಗಳೂ ಉಂಟು; ಆದರೆ ನಮ್ಮ ಕರಾವಳಿಗೂ ಉಪ್ಪಿಗೂ ಇರುವ ನಂಟು ಹಳೆಯದು.

ಕಡಲಿಗೆ ದೋಣಿ ಇಳಿಯದ ಮಳೆಗಾಲಕ್ಕೆಂದು ಕಾಪುವಿನ ಮರಳಿನಲ್ಲಿ ಮೀನು ಉಪ್ಪುಂಡು ಒಣಗಿತು. ಕಾರ್ಕಳದ ಕಡೆಯ ಮನೆಗಳ ಭರಣಿಗಳಲ್ಲಿ ಮಾವಿನ ಮಿಡಿ, ಹಲಸಿನ ಉಪ್ಪುಸೊಳೆ ತುಂಬಿದವು. ಕುಚ್ಚಲಕ್ಕಿ ಗಂಜಿಯೊಡನೆ ಆಟಿಯ ಹಸಿವನ್ನು ದಾಟಿಸಿದ ಆ ಭರಣಿಯನ್ನು ಹಳಿಯುವುದು ಕೃತಘ್ನತೆಯೇ ಸರಿ. ಆದರೆ ಉಡುಪಿಯ ಪೇಟೆಯಲ್ಲಿ ವರ್ಷವಿಡೀ ತರಕಾರಿ ದೊರೆಯುವ ಈ ಕಾಲದಲ್ಲಿಯೂ ಭರಣಿ ಊಟದ ಬಳಿಯಿಂದ ಕದಲಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಗೂ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ರೋಗದ ಕಪಟವಿರುವುದು ಅದರ ಮೌನದಲ್ಲಿ. ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆಯದೆ ತಿಳಿಯದು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಈ ಸೀಮೆಯಲ್ಲಿ ಅಳೆಯುವವರಿಗೆ ಬರವಿಲ್ಲ. ಹೃದಯ ಸಂಕುಚಿಸಿದಾಗಿನ ಒತ್ತಡ 140, ವಿರಮಿಸಿದಾಗಿನದು 90; ಈ ಎರಡರಲ್ಲಿ ಒಂದಾದರೂ ಮತ್ತೆ ಮತ್ತೆ ಈ ಮಟ್ಟವನ್ನು ಮುಟ್ಟಿದರೆ ಚಿಕಿತ್ಸೆಯ ಮಾತು. ಅಂಕಿ ಇಳಿದೊಡನೆ ಗುಣವಾಯಿತೆಂದು ಮಾತ್ರೆ ಬಿಡುವವರನ್ನು ಕಂಡಿದ್ದೇನೆ. ಇಳಿದದ್ದು ಮಾತ್ರೆಯ ಬಲದಿಂದ. ಬಿಟ್ಟರೆ ಒತ್ತಡ ಸದ್ದಿಲ್ಲದೆ ಮರಳಿ ಏರುತ್ತದೆ. ಪಾರ್ಶ್ವವಾಯು ಬಡಿಯುವ ದಿನದವರೆಗೂ ಸುಳಿವು ಕೊಡದಿರಬಹುದು.